ಕಾರಿನ ಸೌಂಡ್ ಸಿಸ್ಟಮ್ ಸುಧಾರಣೆ: ಮೊದಲ ಬಾರಿಗೆ ಕೈಹಾಕುವವರಿಗೆ ಹಂತ ಹಂತದ ಮಾರ್ಗದರ್ಶಿ

ಕಾರಿನ ಸೌಂಡ್ ಸಿಸ್ಟಮ್ ಅನ್ನು ಮೊದಲ ಬಾರಿಗೆ ತಾವೇ ಬದಲಿಸಲು ಹೊರಟವರು ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ದೊಡ್ಡ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಮೊದಲು ಮನೆಗೆ ಬರುತ್ತದೆ, ಅದನ್ನು ನಡೆಸಲು ಸಿಗ್ನಲ್ಲಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್ ಆಮೇಲೆ, ವೈರಿಂಗ್ ಕಿಟ್ ಕೊನೆಗೆ ಉಳಿದ ಹಣದಲ್ಲಿ. ಎಲ್ಲವನ್ನೂ ಒಂದೇ ದಿನ ಜೋಡಿಸಿ ಹಾಡು ಹಾಕಿದಾಗ ಡಿಕ್ಕಿಯ ಮುಚ್ಚಳ ಗಡಗಡ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಸಣ್ಣದೊಂದು ಸಿಳ್ಳೆ ಏರುತ್ತದೆ, ಹಾಡುವವರ ದನಿ ಮಾತ್ರ ಮೊದಲಿದ್ದಷ್ಟೇ ಮಸುಕಾಗಿ ಕೇಳುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕೋಣವೆಂದರೆ, ಒಂದೇ ಏಟಿಗೆ ಎಲ್ಲವೂ ಬದಲಾಗಿರುವುದರಿಂದ ಹುಡುಕಾಟಕ್ಕೆ ತುದಿಯೇ ಸಿಗುವುದಿಲ್ಲ.

ಇಂಥ ಸೋಲುಗಳಲ್ಲಿ ವಸ್ತುವಿನ ಗುಣಮಟ್ಟದ ಪಾಲು ಕಡಿಮೆ, ಕೆಲಸದ ಅನುಕ್ರಮದ ಪಾಲು ಹೆಚ್ಚು. ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಬೇಕು. ಒಂದು ಹಂತದ ಪರೀಕ್ಷೆ ಮುಗಿಯದೆ ಮುಂದಿನದಕ್ಕೆ ಹೋಗಬಾರದು. ನಾಲ್ಕನೆಯ ಹಂತ ಮುಗಿದಾಗ ಕೇಳುತ್ತಿರುವುದು ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಬಹಳಷ್ಟು ಕಾರುಗಳಲ್ಲಿ ಅಷ್ಟೇ ಸಾಕಾಗುತ್ತದೆ.

## ಕೈಯಲ್ಲಿರಬೇಕಾದ ಸಲಕರಣೆಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಡಿಜಿಟಲ್ ಮಲ್ಟಿಮೀಟರ್. ಅದಿಲ್ಲದೆ ಈ ಕೆಲಸಕ್ಕೆ ಇಳಿಯುವುದು ಬೇಡ. ವೈರಿನ ಬಣ್ಣ ನೋಡಿ ಊಹಿಸಿದರೆ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನಲ್ಲಿರುವ ಸ್ಟೀರಿಯೋ) ಸುಟ್ಟುಹೋಗಬಹುದು. ಅದರ ಜೊತೆಗೆ ಬಾಗಿಲ ಒಳಭಾಗದ ಪ್ಯಾನೆಲ್‌ಗಳನ್ನು ಎಬ್ಬಲು ಪ್ಲಾಸ್ಟಿಕ್ ಟೂಲ್‌ಗಳು, ಸ್ಕ್ರೂಡ್ರೈವರ್ ಮತ್ತು ಸಾಕೆಟ್ ಸೆಟ್, ವೈರ್ ಸ್ಟ್ರಿಪ್ಪರ್, ವೈರಿನ ತುದಿಗೆ ಕನೆಕ್ಟರ್ ಒತ್ತಿ ಕೂಡಿಸುವ ಸರಿಯಾದ ಕ್ರಿಂಪಿಂಗ್ ಟೂಲ್, ಬಿಸಿಗೆ ಕುಗ್ಗಿ ಜೋಡಣೆಯನ್ನು ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್, ಬಟ್ಟೆಯ ಟೇಪ್, ಕೇಬಲ್ ಟೈ, ಉಪ್ಪು ಕಾಗದ ಮತ್ತು ಒಂದು ಒಳ್ಳೆಯ ಟಾರ್ಚ್ ಬೇಕು. ತಗಡಿನ ಅದುರು ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸುವವರಿಗೆ ಸಣ್ಣ ರೋಲರ್ ಕೂಡ ಅಗತ್ಯ.

ಕ್ರಿಂಪಿಂಗ್ ಬದಲು ವೈರುಗಳನ್ನು ಕೈಯಿಂದ ಹೊಸೆದು ಟೇಪ್ ಸುತ್ತುವುದು ಸಾಮಾನ್ಯ ತಪ್ಪು. ಬಿಸಿಲಿಗೆ ನಿಂತ ಕಾರಿನೊಳಗೆ ಟೇಪಿನ ಅಂಟು ಕರಗುತ್ತದೆ, ಓಡುವ ಕಾರಿನ ಅದುರಿಗೆ ಹೊಸೆದ ಗಂಟು ಸಡಿಲವಾಗುತ್ತದೆ, ಕೆಲವು ತಿಂಗಳ ಬಳಿಕ ಒಂದು ಸ್ಪೀಕರ್ ಬಿಟ್ಟು ಬಿಟ್ಟು ಹಾಡತೊಡಗುತ್ತದೆ.

## ಹಂತ 1: ಇರುವುದನ್ನು ಕೇಳಿ, ಅಳೆದು ಬರೆದಿಟ್ಟುಕೊಳ್ಳುವುದು

ಏನನ್ನೂ ಕೊಳ್ಳುವ ಮೊದಲು ಹೆಡ್ ಯೂನಿಟ್‌ನ ಬೇಸ್, ಟ್ರೆಬಲ್ ಮತ್ತು ಈಕ್ವಲೈಜರ್‌ಗಳನ್ನೆಲ್ಲ ಸೊನ್ನೆಗೆ ತಂದು, ಚೆನ್ನಾಗಿ ಪರಿಚಯವಿರುವ ಮೂರು ನಾಲ್ಕು ಹಾಡುಗಳನ್ನು ಕೇಳಬೇಕು. ಮೊದಲು ಎಂಜಿನ್ ಆರಿಸಿ, ಆಮೇಲೆ ಚಾಲೂ ಮಾಡಿ, ಕೊನೆಗೆ ರಸ್ತೆಯಲ್ಲಿ ಕೇಳಿದರೆ ಕೊರತೆ ಎಲ್ಲಿದೆ ಎಂಬುದು ಬಿಡಿಸಿಕೊಂಡು ತಿಳಿಯುತ್ತದೆ. ದನಿ ಸ್ಪಷ್ಟವಿಲ್ಲವೋ, ಬೇಸ್ ಸಾಲದೋ, ಪ್ಯಾನೆಲ್ ಅದುರುತ್ತಿದೆಯೋ ಅಥವಾ ಟೈರಿನ ಸದ್ದೇ ಹಾಡನ್ನು ಮುಚ್ಚುತ್ತಿದೆಯೋ ಎಂಬ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಗಬೇಕು, ಏಕೆಂದರೆ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಟೈರಿನ ಸದ್ದು ಸಬ್‌ವೂಫರ್ ಕೊಂಡರೆ ಹೋಗುವುದಿಲ್ಲ.

ನಂತರ ಅಳತೆ. ಸ್ಪೀಕರಿನ ವ್ಯಾಸ, ತೂತಿನಿಂದ ಕಿಟಕಿಯ ಗಾಜಿನವರೆಗೆ ಇರುವ ಆಳ ಮತ್ತು ಸ್ಕ್ರೂ ತೂತುಗಳ ನಡುವಿನ ಅಂತರ, ಈ ಮೂರನ್ನೂ ಬರೆದುಕೊಳ್ಳಬೇಕು. ಆಳವನ್ನು ಗಾಜು ಪೂರ್ತಿ ಇಳಿಸಿದ ಸ್ಥಿತಿಯಲ್ಲೇ ಅಳೆಯಬೇಕು. ಗಾಜು ಏರಿಸಿ ಅಳೆದವರ ಹೊಸ ಸ್ಪೀಕರಿನ ಮ್ಯಾಗ್ನೆಟ್, ಕಿಟಕಿ ಇಳಿಸಿದ ಮೊದಲ ದಿನವೇ ಗಾಜಿಗೆ ತಗಲುತ್ತದೆ.

ಹೆಡ್ ಯೂನಿಟ್ ಯಾವ ಅಳತೆಯದು ಎಂಬುದನ್ನೂ ನೋಡಿಕೊಳ್ಳಬೇಕು. ಸಿಂಗಲ್ ಡಿನ್ ಎಂದರೆ ಸುಮಾರು 180 ಮಿಮೀ ಅಗಲ, 50 ಮಿಮೀ ಎತ್ತರ. ಡಬಲ್ ಡಿನ್‌ಗೆ ಎತ್ತರ ಅದರ ಎರಡರಷ್ಟು. ಇತ್ತೀಚಿನ ಹಲವು ಕಾರುಗಳಲ್ಲಿ ಎರಡೂ ಇರುವುದಿಲ್ಲ. ಎಸಿಯ ನಿಯಂತ್ರಣ, ಹಿಂಬದಿಯ ಕ್ಯಾಮೆರಾ ಮತ್ತು ವಾಹನದ ಸೆಟ್ಟಿಂಗ್‌ಗಳೆಲ್ಲ ಅದೇ ಪರದೆಯೊಳಗೆ ಸೇರಿಕೊಂಡಿರುತ್ತವೆ. ಅಂಥ ಕಾರಿನಲ್ಲಿ ಹೆಡ್ ಯೂನಿಟ್‌ಗೆ ಕೈಹಾಕದಿರುವುದೇ ವಿವೇಕ.

ಕೊನೆಯದಾಗಿ ಬ್ಯಾಟರಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ನಿಂತಾಗ 12.2ರ ಆಸುಪಾಸು ತೋರಿಸುವ ಬ್ಯಾಟರಿ ಅರ್ಧ ಖಾಲಿಯಾಗಿದೆ ಎಂದೇ ಅರ್ಥ. ಅದನ್ನು ಸರಿಪಡಿಸದೆ ಅದರ ಮೇಲೆ ಆಂಪ್ಲಿಫೈಯರಿನ ಹೊರೆ ಹೇರಬಾರದು.

## ಹಂತ 2: ವಸ್ತುಗಳನ್ನು ಆರಿಸುವುದು

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ವ್ಯಾಟ್ ಸಂಖ್ಯೆಯನ್ನು ಮರೆತುಬಿಡಬೇಕು. ಅದು ಕ್ಷಣಮಾತ್ರ ತಲುಪಬಹುದಾದ ಗರಿಷ್ಠ. ನಿರಂತರವಾಗಿ ತಾಳುವ ಶಕ್ತಿ ಆರ್‌ಎಂಎಸ್ ಎಂಬ ಹೆಸರಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ‘50 ವ್ಯಾಟ್ × 4’ ಎಂದು ಹೇಳಿಕೊಳ್ಳುವ ಹೆಡ್ ಯೂನಿಟ್ ನಿಜವಾಗಿ ಪ್ರತಿ ಸ್ಪೀಕರಿಗೆ ಕೊಡುವುದು 15ರಿಂದ 22 ಆರ್‌ಎಂಎಸ್ ವ್ಯಾಟ್ ಅಷ್ಟೇ. ಆಂಪ್ಲಿಫೈಯರ್ ಕೊಳ್ಳುವಾಗ ಸಿಟಿಎ-2006 ಮಾನದಂಡದಂತೆ ಅಳೆದ ಸಂಖ್ಯೆ ನಮೂದಾಗಿದ್ದರೆ ಅದನ್ನು ನಂಬಬಹುದು, ಅದು 14.4 ವೋಲ್ಟ್‌ನಲ್ಲಿ, 4 ಓಮ್ ಹೊರೆಗೆ (ಓಮ್ ಎಂದರೆ ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯ ಅಳತೆ), ಶೇಕಡಾ 1ಕ್ಕಿಂತ ಹೆಚ್ಚು ವಿಕೃತಿಯಿಲ್ಲದೆ ಸಿಗುವ ಶಕ್ತಿ.

ಮೊದಲ ಖರ್ಚು ಮುಂದಿನ ಎರಡು ಬಾಗಿಲುಗಳಿಗೆ ಹೋಗಬೇಕು. ಕುಳಿತವರಿಗೆ ಸಂಗೀತ ಮುಂದಿನಿಂದ ಬಂದಂತೆ ಕೇಳಬೇಕಾದ್ದರಿಂದ ಹಿಂದಿನ ಸ್ಪೀಕರುಗಳು ಹೆಚ್ಚೆಂದರೆ ಪೂರಕ. ಹಿಂದಿನ ಜೋಡಿಗೆಂದು ಇಟ್ಟ ಹಣವನ್ನೂ ಮುಂದಿನ ಜೋಡಿಗೇ ಸೇರಿಸಿ ಒಂದು ದರ್ಜೆ ಮೇಲಿನದನ್ನು ಕೊಳ್ಳುವುದು ಲೇಸು. ಟ್ವೀಟರ್ (ಎತ್ತರದ ಸ್ವರಗಳಿಗಿರುವ ಪುಟ್ಟ ಸ್ಪೀಕರ್) ದೊಡ್ಡ ಸ್ಪೀಕರಿನ ನಡುವೆಯೇ ಕೂತಿರುವ ಕೋಆಕ್ಸಿಯಲ್ ಜೋಡಿಯನ್ನು ಅಳವಡಿಸುವುದು ಸುಲಭ. ಟ್ವೀಟರ್ ಮತ್ತು ಕ್ರಾಸೋವರ್ (ಎತ್ತರದ, ತಗ್ಗಿನ ಸ್ವರಗಳನ್ನು ಬೇರ್ಪಡಿಸುವ ಭಾಗ) ಬಿಡಿಬಿಡಿಯಾಗಿ ಬರುವ ಕಾಂಪೊನೆಂಟ್ ಸೆಟ್‌ನಲ್ಲಿ ಟ್ವೀಟರ್ ಅನ್ನು ಕಿವಿಯ ಮಟ್ಟಕ್ಕೆ ಹತ್ತಿರ ಕೂರಿಸಬಹುದಾದ್ದರಿಂದ ದನಿ ಕಾಲಬುಡದಿಂದ ಮೇಲೇಳುತ್ತದೆ, ಆದರೆ ಕೆಲಸ ಹೆಚ್ಚು. ಕಾರಿನಲ್ಲಿ ಟ್ವೀಟರಿಗೆ ಕಂಪನಿಯೇ ಜಾಗ ಮಾಡಿಟ್ಟಿದ್ದರೆ ಕಾಂಪೊನೆಂಟ್, ಇಲ್ಲದಿದ್ದರೆ ಹೊಸಬರಿಗೆ ಕೋಆಕ್ಸಿಯಲ್.

ಆಂಪ್ಲಿಫೈಯರ್ ಇಲ್ಲದೆ ಹೆಡ್ ಯೂನಿಟ್‌ನಿಂದಲೇ ನಡೆಸುವುದಾದರೆ ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಅದು ಎಷ್ಟು ಜೋರಾಗಿ ಹಾಡುತ್ತದೆ ಎಂಬುದನ್ನು, ನೋಡಬೇಕು. 3 ಡೆಸಿಬೆಲ್ ಹೆಚ್ಚು ಸೆನ್ಸಿಟಿವಿಟಿ ಇರುವ ಸ್ಪೀಕರ್ ಅರ್ಧದಷ್ಟು ಶಕ್ತಿಯಲ್ಲೇ ಅಷ್ಟೇ ಜೋರಾಗಿ ಹಾಡುತ್ತದೆ. ನೂರು ವ್ಯಾಟ್ ಬೇಡುವ, 86 ಡೆಸಿಬೆಲ್‌ನ ದುಬಾರಿ ಸ್ಪೀಕರನ್ನು 18 ವ್ಯಾಟ್‌ನ ಹೆಡ್ ಯೂನಿಟ್‌ಗೆ ಜೋಡಿಸಿ, ಹಳೆಯದೇ ಚೆನ್ನಾಗಿತ್ತು ಎಂದು ಬೇಸರಪಡುವವರು ಬಹಳ ಮಂದಿ.

ಓಮ್ ಸಂಖ್ಯೆಯೂ ಹೊಂದಬೇಕು. 4 ಓಮ್‌ಗೆಂದು ರೂಪಿಸಿದ ಹೆಡ್ ಯೂನಿಟ್‌ಗೆ 2 ಓಮ್ ಸ್ಪೀಕರ್ ಹಾಕಿದರೆ ಅದು ಎಳೆಯುವ ಕರೆಂಟ್ ಎರಡರಷ್ಟಾಗಿ ಒಳಗಿನ ಚಿಪ್ ಕಾಯುತ್ತದೆ.

## ಹಂತ 3: ವಿದ್ಯುತ್ ಸಂಪರ್ಕ ಕಡಿತ

ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಹಾಕಬೇಕು. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಕಾರಿನ ಲೋಹದ ಬಾಡಿಗೆ ತಗಲಿದೊಡನೆ ಶಾರ್ಟ್ ಆಗುತ್ತದೆ. ಬಿಚ್ಚುವ ಮೊದಲು ಕೀಲಿಯನ್ನು ಕಾರಿನ ಹೊರಗಿಟ್ಟುಕೊಳ್ಳಬೇಕು. ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿಯ ಬೀಗ ವಿದ್ಯುತ್ತಿನದಾಗಿದ್ದರೆ ಕೆಲಸ ಮುಗಿಯುವವರೆಗೂ ಅದನ್ನು ಮುಚ್ಚಬಾರದು. ಕೆಲವು ಹೆಡ್ ಯೂನಿಟ್‌ಗಳು ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕೋಡ್ ಕೇಳುವುದರಿಂದ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಸಂಪರ್ಕ ತಪ್ಪಿಸಿದ ಮೇಲೂ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು, ಅದು ಸಿಗದಿದ್ದರೆ ಕನಿಷ್ಠ 10 ನಿಮಿಷ ಕಾಯಬೇಕು. ಹಳದಿ ಬಣ್ಣದ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳಿಗೆ ಮಲ್ಟಿಮೀಟರಿನ ಮುಳ್ಳು ತಾಗಿಸಬಾರದು, ಅವನ್ನು ಬಿಚ್ಚಿಟ್ಟು ಇಗ್ನಿಷನ್ ಹಾಕಬಾರದು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಎಂದರೆ ಪ್ರಾಣಾಪಾಯದ ವೋಲ್ಟೇಜ್. ಅದರ ಹತ್ತಿರವೂ ವೈರ್ ಎಳೆಯಬಾರದು.

## ಹಂತ 4: ಮುಂದಿನ ಬಾಗಿಲುಗಳು

ಹೆಚ್ಚಿನವರು ಅರ್ಧ ಗಂಟೆಯಲ್ಲಿ ಮುಗಿಸಲು ನೋಡುವ ಈ ಹಂತಕ್ಕೆ ಒಂದು ದಿನ ಕೊಟ್ಟರೂ ನಷ್ಟವಿಲ್ಲ. ಬಾಗಿಲ ಪ್ಯಾನೆಲ್ಲಿನ ಸ್ಕ್ರೂಗಳು ಹಿಡಿಯ ಒಳಗೆ, ಬಾಗಿಲು ತೆರೆಯುವ ಒಳಚಿಲಕದ ಹಿಂದೆ, ಸಣ್ಣ ಮುಚ್ಚಳಗಳ ಕೆಳಗೆ ಅಡಗಿರುತ್ತವೆ. ಎಲ್ಲವೂ ಬಂದಿವೆ ಎಂದು ಖಚಿತವಾದ ಮೇಲೆ ಕೆಳಗಿನ ಮೂಲೆಯಿಂದ ಆರಂಭಿಸಿ, ಪ್ರತಿ ಕ್ಲಿಪ್ಪಿನ ಪಕ್ಕಕ್ಕೇ ಟೂಲ್ ತಂದು ಎಬ್ಬಬೇಕು. ಬಲ ಹಾಕಿದರೂ ಬಾರದ ಕಡೆ ಇನ್ನೊಂದು ಸ್ಕ್ರೂ ಉಳಿದಿದೆ ಎಂದೇ ತಿಳಿಯಬೇಕು. ಪ್ಯಾನೆಲ್ ಕಳಚಿದೊಡನೆ ದೂರಕ್ಕೆ ಎಳೆಯಬಾರದು. ಕಿಟಕಿಯ ಸ್ವಿಚ್ಚಿನ ವೈರ್ ಮತ್ತು ಬಾಗಿಲು ತೆರೆಯುವ ಕೇಬಲ್ ಅದಕ್ಕೆ ಅಂಟಿಕೊಂಡೇ ಇರುತ್ತವೆ.

ಒಳಗೆ ಕಾಣುವ ಪ್ಲಾಸ್ಟಿಕ್ ಅಥವಾ ಫೋಮಿನ ಹಾಳೆಯನ್ನು ಗಮನವಿಟ್ಟು ನೋಡಬೇಕು. ಮಳೆಯ ನೀರು ಗಾಜಿನ ಪಕ್ಕದ ರಬ್ಬರ್ ಪಟ್ಟಿಯನ್ನು ದಾಟಿ ಬಾಗಿಲ ಒಳಗೆ ಇಳಿಯುವುದು ಸಹಜ. ಆ ನೀರು ತಗಡಿನ ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಅದು ಕಾರಿನೊಳಗೆ ಬಾರದಂತೆ ತಡೆಯುವುದೇ ಈ ಹಾಳೆ. ಅದರ ಅಂಚಿನಲ್ಲಿರುವ ಕಪ್ಪು, ಜಿಗುಟಾದ ಬ್ಯುಟೈಲ್ ಅಂಟನ್ನು ಬ್ಲೇಡಿನಿಂದ ನಿಧಾನವಾಗಿ ಬಿಡಿಸಿ, ಅಂಟಿಗೆ ಧೂಳು ಕೂರದಂತೆ ನೋಡಿಕೊಂಡು, ಕೆಲಸದ ಬಳಿಕ ಅದೇ ರೇಖೆಯ ಮೇಲೆ ಮತ್ತೆ ಒತ್ತಿ ಕೂರಿಸಬೇಕು. ಹಾಳೆಯನ್ನು ಹರಿದು ಹಾಗೇ ಬಿಟ್ಟರೆ ಮೊದಲ ದೊಡ್ಡ ಮಳೆಗೆ ಕಾಲಡಿಯ ಕಾರ್ಪೆಟ್ ನೆನೆಯುತ್ತದೆ, ಆಗ ಯಾರಿಗೂ ಸ್ಪೀಕರಿನ ಮೇಲೆ ಅನುಮಾನ ಬರುವುದಿಲ್ಲ.

ಡ್ಯಾಂಪಿಂಗ್ ಶೀಟ್ ಅಂಟಿಸುವುದಾದರೆ ಮೊದಲು ಸ್ಪೀಕರಿನ ನೇರ ಹಿಂದಿರುವ ಹೊರತಗಡಿನ ಮೇಲೆ ಅಂಟಿಸಬೇಕು. ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ‘ಠಣ್’ ಎನ್ನುತ್ತಿದ್ದದ್ದು ‘ದಬ್’ ಎಂದು ಮೊಟಕಾಗಿ ನಿಂತರೆ ಸಾಕು. ಇಡೀ ತಗಡನ್ನು ಮುಚ್ಚುವ ಅಗತ್ಯವಿಲ್ಲ, ಕಾಲುಭಾಗ ಮುಚ್ಚಿದರೂ ಅನುರಣನ ಬಹುಪಾಲು ಇಳಿಯುತ್ತದೆ. ಬ್ಯುಟೈಲ್ ಆಧಾರಿತ ಶೀಟನ್ನೇ ಕೊಳ್ಳಬೇಕು. ಡಾಂಬರು ಆಧಾರಿತ ಅಗ್ಗದ ಶೀಟು ಬಿಸಿಲಿಗೆ ಕರಗಿ ಜಾರುತ್ತದೆ, ವಾಸನೆಯೂ ಹೋಗುವುದಿಲ್ಲ. ತಳದ ನೀರಿನ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಸ್ಪೀಕರನ್ನು ತಗಡಿಗೆ ನೇರವಾಗಿ ಬಿಗಿಯುವ ಬದಲು ಹೊಂದುವ ಪ್ಲಾಸ್ಟಿಕ್ ರಿಂಗ್ ಇಟ್ಟು, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ ಬಿಗಿಯಬೇಕು. ಕೋನಿನ (ಸ್ಪೀಕರಿನಲ್ಲಿ ಅದುರುವ ಬಟ್ಟಲಿನಂಥ ಭಾಗದ) ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಬೆರೆತರೆ ಬೇಸ್ ಪರಸ್ಪರ ಅಳಿಸಿಹೋಗುತ್ತದೆ. ಹೊಸ ಸ್ಪೀಕರಿನಲ್ಲಿ ಬೇಸ್ ಇಲ್ಲ ಎಂಬ ದೂರಿಗೆ ಹೆಚ್ಚಾಗಿ ಅಂಚಿನಲ್ಲಿ ಉಳಿದ ಸಂದೇ ಕಾರಣ. ಎಂಡಿಎಫ್ ಹಲಗೆಯ ರಿಂಗ್ ನೀರು ಕುಡಿದು ಉಬ್ಬುವುದರಿಂದ ಬಾಗಿಲಿಗೆ ಅದು ಸಲ್ಲ.

ಪೊಲಾರಿಟಿ (ಯಾವ ವೈರ್ ಪಾಸಿಟಿವ್, ಯಾವುದು ನೆಗೆಟಿವ್ ಎಂಬುದು) ತಿಳಿಯದಿದ್ದರೆ 1.5 ವೋಲ್ಟ್‌ನ ಸಣ್ಣ ಸೆಲ್ಲನ್ನು ವೈರಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಬೇಕು. ಕೋನ್ ಹೊರಗೆ ನೆಗೆದರೆ ಸೆಲ್ಲಿನ ಪಾಸಿಟಿವ್ ತಾಗಿದ ವೈರೇ ಸ್ಪೀಕರಿನ ಪಾಸಿಟಿವ್. ವೈರಿನ ಇನ್ನೊಂದು ತುದಿ ಹೆಡ್ ಯೂನಿಟ್‌ಗೆ ಜೋಡಿಸಿರುವಾಗ ಈ ಪರೀಕ್ಷೆ ಮಾಡಬಾರದು. ಎರಡು ಬಾಗಿಲಲ್ಲಿ ಒಂದು ಮಾತ್ರ ತಿರುಗುಮುರುಗಾದರೆ ಸದ್ದು ಬರುತ್ತದೆ, ಆದರೆ ಬೇಸ್ ಕಾಣೆಯಾಗಿ ಹಾಡುವವರು ಎಲ್ಲಿದ್ದಾರೆಂಬುದೇ ಗೊತ್ತಾಗದಂತಾಗುತ್ತದೆ. ಬ್ಯಾಲೆನ್ಸನ್ನು ಒಂದು ಬದಿಗೆ ತಿರುಗಿಸಿದಾಗ ಬೇಸ್ ಹೆಚ್ಚಾದಂತೆ ಕೇಳಿದರೆ ಇದೇ ತಪ್ಪಾಗಿದೆ ಎಂದರ್ಥ.

ಟ್ವೀಟರನ್ನು ವಿಂಡ್‌ಶೀಲ್ಡ್ ಪಕ್ಕದ ಕಂಬದಲ್ಲಿ ಕೂರಿಸುವ ಯೋಚನೆಯಿದ್ದರೆ, ಆ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇದೆಯೇ ಎಂದು ನೋಡಬೇಕು. ಇದ್ದರೆ ಅಲ್ಲಿ ಏನನ್ನೂ ಕೂರಿಸಬಾರದು, ವೈರನ್ನೂ ಅದರ ಮುಂದೆ ಹಾಯಿಸಬಾರದು.

ಪ್ಯಾನೆಲ್ ಮುಚ್ಚುವ ಮೊದಲು ಬಿಚ್ಚಿದ ಕನೆಕ್ಟರುಗಳನ್ನೆಲ್ಲ ಮತ್ತೆ ಹಾಕಿ, ಬ್ಯಾಟರಿ ಜೋಡಿಸಿ, ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಹಾಡು ಕೇಳಿ ಪರೀಕ್ಷಿಸಬೇಕು. ಸರಿಯಿದ್ದರೆ ಮಾತ್ರ ಇನ್ನೊಂದು ಬಾಗಿಲು.

## ಹಂತ 5: ಹೆಡ್ ಯೂನಿಟ್ ಬದಲಿಸುವುದು, ಅಥವಾ ಉಳಿಸಿಕೊಂಡು ಸಿಗ್ನಲ್ ಪಡೆಯುವುದು

ಬದಲಿಸುವವರು ಕಾರಿನ ಮೂಲ ವೈರುಗಳನ್ನು ಕತ್ತರಿಸದೆ, ಆ ಮಾದರಿಗೆಂದೇ ಸಿಗುವ ಅಡಾಪ್ಟರ್ ಹಾರ್ನೆಸ್ (ಎರಡೂ ಬದಿಯ ಕನೆಕ್ಟರುಗಳನ್ನು ಹೊಂದಿಸುವ ವೈರುಗಳ ಕಟ್ಟು) ಕೊಳ್ಳಬೇಕು. ಹೊಸ ಹೆಡ್ ಯೂನಿಟ್‌ಗಳ ವೈರುಗಳಲ್ಲಿ ಬಳಕೆಯಲ್ಲಿರುವ ಬಣ್ಣಗಳು ಹೀಗಿವೆ: ಹಳದಿ ಸದಾ ಇರುವ 12 ವೋಲ್ಟ್, ಕೆಂಪು ಕೀಲಿ ತಿರುಗಿಸಿದಾಗ ಬರುವ 12 ವೋಲ್ಟ್, ಕಪ್ಪು ಅರ್ಥ್ (ಕಾರಿನ ಲೋಹದ ಬಾಡಿಗೆ ಸೇರುವ ಜೋಡಣೆ), ನೀಲಿ-ಬಿಳಿ ಪಟ್ಟಿಯದು ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್. ಮುಂದಿನ ಎಡಕ್ಕೆ ಬಿಳಿ, ಬಲಕ್ಕೆ ಬೂದು. ಹಿಂದಿನ ಎಡಕ್ಕೆ ಹಸಿರು, ಬಲಕ್ಕೆ ನೇರಳೆ. ಅದೇ ಬಣ್ಣದ ಮೇಲೆ ಕಪ್ಪು ಪಟ್ಟಿಯಿದ್ದರೆ ನೆಗೆಟಿವ್. ಈ ಬಣ್ಣಗಳು ಕಾರಿನ ಮೂಲ ವೈರುಗಳಿಗೆ ಅನ್ವಯಿಸುವುದಿಲ್ಲ. ಆ ಬದಿಯನ್ನು ಮಲ್ಟಿಮೀಟರಿನಿಂದಲೇ ಗುರುತಿಸಬೇಕು.

ಕಾರು ಆರಿಸಿದಾಗಲೆಲ್ಲ ಗಡಿಯಾರ ಮತ್ತು ಸ್ಟೇಷನ್‌ಗಳು ಅಳಿಸಿಹೋಗುತ್ತಿದ್ದರೆ ಹಳದಿ ಮತ್ತು ಕೆಂಪು ಅದಲುಬದಲಾಗಿವೆ. ಸ್ಪೀಕರಿನ ನೆಗೆಟಿವ್ ವೈರನ್ನು ಬಾಡಿಗೆ ಅರ್ಥ್ ಮಾಡುವುದು ಇನ್ನೂ ದೊಡ್ಡ ತಪ್ಪು. ಹೆಡ್ ಯೂನಿಟ್‌ನ ಔಟ್‌ಪುಟ್ ಚಿಪ್ ಅದರಿಂದ ಸುಡುತ್ತದೆ.

ಕಾರಿನ ಹೆಡ್ ಯೂನಿಟ್ಟನ್ನೇ ಉಳಿಸಿಕೊಳ್ಳುವವರಿಗೆ ಎರಡು ದಾರಿಗಳಿವೆ. ಆಂಪ್ಲಿಫೈಯರಿನಲ್ಲೇ ಹೈ ಲೆವೆಲ್ ಇನ್‌ಪುಟ್ ಇದ್ದರೆ ಸ್ಪೀಕರ್ ವೈರಿನಿಂದ ನೇರವಾಗಿ ಸಿಗ್ನಲ್ ಕೊಡಬಹುದು. ಇಲ್ಲದಿದ್ದರೆ ಸ್ಪೀಕರ್ ವೈರಿನ ಸಿಗ್ನಲ್ಲನ್ನು ಆಂಪ್ಲಿಫೈಯರಿಗೆ ಹೊಂದುವಷ್ಟು ತಗ್ಗಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕು. ಎರಡರಲ್ಲೂ ಗಮನಿಸಬೇಕಾದ ಒಂದು ಸಂಗತಿಯಿದೆ. ಸಣ್ಣ ಸ್ಪೀಕರುಗಳನ್ನು ಕಾಪಾಡಲು ಹಲವು ಮೂಲ ಹೆಡ್ ಯೂನಿಟ್‌ಗಳು ವಾಲ್ಯೂಮ್ ಏರಿದಂತೆ ಬೇಸನ್ನು ತಾವೇ ಕಡಿತಗೊಳಿಸುತ್ತವೆ. ಆದ್ದರಿಂದ ಸಬ್‌ವೂಫರ್ ಕಡಿಮೆ ವಾಲ್ಯೂಮಿನಲ್ಲಿ ಗುಡುಗಿ, ಹೆಚ್ಚಿನದರಲ್ಲಿ ಮೌನವಾದರೆ ಆಂಪ್ಲಿಫೈಯರನ್ನು ದೂಷಿಸಬೇಕಾಗಿಲ್ಲ. ಕಳೆದುಹೋದ ಬೇಸನ್ನು ತುಂಬಿಕೊಡುವ ಕನ್ವರ್ಟರ್‌ಗಳು ಅಥವಾ ಡಿಎಸ್‌ಪಿಗಳು (ಸಿಗ್ನಲ್ಲನ್ನು ಡಿಜಿಟಲ್ ಆಗಿ ತಿದ್ದುವ ಸಾಧನಗಳು) ಇದಕ್ಕೆ ಪರಿಹಾರ.

## ಹಂತ 6: ಆಂಪ್ಲಿಫೈಯರಿಗೆ ವಿದ್ಯುತ್

ಕಾರಿಗೆ ಬೆಂಕಿ ಹತ್ತುವ ಸಾಧ್ಯತೆಯಿರುವುದು ಈ ಹಂತದಲ್ಲಿ. ಮೊದಲು ಲೆಕ್ಕ: ಕ್ಲಾಸ್ ಡಿ ಆಂಪ್ಲಿಫೈಯರಿನ ದಕ್ಷತೆ ಶೇಕಡಾ 80ರ ಆಸುಪಾಸು. ಒಟ್ಟು 400 ಆರ್‌ಎಂಎಸ್ ವ್ಯಾಟ್ ಕೊಡುವ ಆಂಪ್ಲಿಫೈಯರ್ ಪೂರ್ತಿ ದುಡಿಯುವಾಗ 500 ವ್ಯಾಟ್ ಎಳೆಯುತ್ತದೆ; ಅದನ್ನು 13.8ರಿಂದ ಭಾಗಿಸಿದರೆ ಸುಮಾರು 36 ಆಂಪಿಯರ್. ದಕ್ಷತೆ ಕಡಿಮೆಯಿರುವ ಕ್ಲಾಸ್ ಎಬಿ ಬಗೆಯದಾದರೆ ಇನ್ನೂ ಹೆಚ್ಚು.

ಇಷ್ಟು ಕರೆಂಟಿಗೆ ಐದು ಮೀಟರ್ ಉದ್ದದ 8 ಗೇಜ್ ತಾಮ್ರದ ಕೇಬಲ್‌ನಲ್ಲಿ ಸುಮಾರು 0.4 ವೋಲ್ಟ್ ಕಳೆದುಹೋಗುತ್ತದೆ, 4 ಗೇಜ್‌ನಲ್ಲಿ 0.15 ವೋಲ್ಟ್. 8 ಗೇಜ್ ಎಂದರೆ ಸುಮಾರು 8 ಚದರ ಮಿಮೀ, 4 ಗೇಜ್ ಎಂದರೆ ಸುಮಾರು 21 ಚದರ ಮಿಮೀ. ಸಂಖ್ಯೆ ಇಳಿದಂತೆ ವೈರ್ ದಪ್ಪವಾಗುತ್ತದೆ. ಮುಂದೆ ಇನ್ನೊಂದು ಆಂಪ್ಲಿಫೈಯರ್ ಸೇರಿಸುವ ಆಸೆಯಿದ್ದರೆ ಈಗಲೇ 4 ಗೇಜ್ ಹಾಕುವುದು ಒಳ್ಳೆಯದು, ಏಕೆಂದರೆ ಕಾರ್ಪೆಟ್ಟನ್ನು ಎರಡನೆಯ ಬಾರಿ ಎಬ್ಬುವುದು ಯಾರಿಗೂ ಬೇಡದ ಕೆಲಸ. ಅಗ್ಗದ ಕಿಟ್‌ಗಳಲ್ಲಿ ಬರುವ ‘ಸಿಸಿಎ’ ಎಂದರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದರ ವಾಹಕತೆ ಶುದ್ಧ ತಾಮ್ರದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ ಅದನ್ನು ಹಾಕಲೇಬೇಕಾದರೆ ಒಂದು ಅಳತೆ ದಪ್ಪದ್ದನ್ನು ಹಾಕಬೇಕು.

ಮುಖ್ಯ ಫ್ಯೂಸನ್ನು ಬ್ಯಾಟರಿಯ ಪಾಸಿಟಿವ್ ತುದಿಯಿಂದ 45 ಸೆಂಮೀ ಒಳಗೆ ಕೂರಿಸಬೇಕು. ಈ ಫ್ಯೂಸ್ ಕಾಪಾಡುವುದು ಕೇಬಲನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಎಲ್ಲಾದರೂ ಸವೆದು ಬಾಡಿಗೆ ತಗಲಿದರೆ ಅದನ್ನು ತಡೆಯುವವರಿಲ್ಲ. ಆದ್ದರಿಂದ ಆ ತುಂಡು ಆದಷ್ಟು ಗಿಡ್ಡವಿರಬೇಕು. ಫ್ಯೂಸಿನ ಅಳತೆ ಕೇಬಲ್ ತಾಳುವುದನ್ನು ಮೀರಬಾರದು: 8 ಗೇಜ್ ತಾಮ್ರಕ್ಕೆ 50 ಆಂಪಿಯರ್, 4 ಗೇಜ್‌ಗೆ 100 ಆಂಪಿಯರ್ ಎಂದಿಟ್ಟುಕೊಂಡರೆ ಕ್ಷೇಮ.

ಕೇಬಲನ್ನು ಎಂಜಿನ್ ಕೋಣೆಯಿಂದ ಒಳಗೆ ತರುವಾಗ ಈಗಾಗಲೇ ಇರುವ ರಬ್ಬರ್ ಗ್ರೊಮೆಟ್ಟಿನ (ತೂತಿನ ಅಂಚನ್ನು ಮುಚ್ಚುವ ಬಳೆಯ) ಮೂಲಕವೇ ತರಬೇಕು. ಹೊಸ ತೂತು ಕೊರೆಯಲೇಬೇಕಾದರೆ ಅದಕ್ಕೂ ಗ್ರೊಮೆಟ್ ಹಾಕಬೇಕು, ಇಲ್ಲದಿದ್ದರೆ ತಗಡಿನ ಅಂಚು ಇನ್ಸುಲೇಷನ್ನನ್ನು ದಿನದಿನಕ್ಕೂ ಕೆರೆಯುತ್ತದೆ. ಪೆಡಲ್‌ಗಳ ಮತ್ತು ಸ್ಟೀರಿಂಗ್ ಕಂಬದ ದಾರಿಯಿಂದ ಕೇಬಲ್ ದೂರವಿರಬೇಕು. ಪವರ್ ಕೇಬಲ್ ಕಾರಿನ ಒಂದು ಬದಿಯಲ್ಲಿ, ಆಂಪ್ಲಿಫೈಯರಿಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಇನ್ನೊಂದು ಬದಿಯಲ್ಲಿ ಹಿಂದಕ್ಕೆ ಹೋಗಲಿ. ಅವು ಪರಸ್ಪರ ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಲಿ.

ಅರ್ಥ್ ಅಲಕ್ಷ್ಯಕ್ಕೆ ಒಳಗಾಗುವಷ್ಟು ಬೇರಾವುದೂ ಆಗುವುದಿಲ್ಲ. ಪವರ್ ಕೇಬಲ್‌ನಷ್ಟೇ ದಪ್ಪದ, 45 ಸೆಂಮೀ ಮೀರದ ವೈರನ್ನು ಬಾಡಿಯ ಗಟ್ಟಿ ತಗಡಿಗೆ ಬಿಗಿಯಬೇಕು. ಆ ಜಾಗದ ಬಣ್ಣವನ್ನು ಉಪ್ಪು ಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ರಿಂಗ್ ಟರ್ಮಿನಲ್ಲನ್ನು ಬೋಲ್ಟ್ ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿದು, ಸುತ್ತ ಬಣ್ಣ ಹಚ್ಚಿ ತುಕ್ಕು ತಡೆಯಬೇಕು. ಸೀಟ್ ಬೆಲ್ಟಿನ ಬೋಲ್ಟ್‌ಗಳನ್ನು ಅರ್ಥ್‌ಗೆ ಬಳಸಬಾರದು. ನೆಲಕ್ಕೆ ತೂತು ಕೊರೆಯುವ ಮೊದಲು ಕಾರಿನ ಕೆಳಗೆ ಬಗ್ಗಿ ನೋಡಲೇಬೇಕು. ಇಂಧನದ ಟ್ಯಾಂಕ್ ಮತ್ತು ಬ್ರೇಕ್ ಪೈಪುಗಳು ಅಲ್ಲೇ ಹಾದುಹೋಗುತ್ತವೆ.

ಆಂಪ್ಲಿಫೈಯರನ್ನು ಸಬ್‌ವೂಫರ್ ಪೆಟ್ಟಿಗೆಯ ಮೇಲೆ ಬಿಗಿಯುವುದು ಬೇಡ, ಅದುರಿಗೆ ಒಳಗಿನ ಬೆಸುಗೆಗಳು ಬಿಡುತ್ತವೆ. ಸುತ್ತ ಗಾಳಿಯಾಡುವ ಜಾಗ ಬೇಕು. ಸೀಟಿನ ಕೆಳಗಿಟ್ಟರೆ ಸೀಟನ್ನು ಹಿಂದೆ ಮುಂದೆ ಪೂರ್ತಿ ಸರಿಸಿ ಯಾವ ವೈರೂ ಸಿಕ್ಕಿಕೊಳ್ಳುವುದಿಲ್ಲ ಎಂದು ನೋಡಬೇಕು.

ಎಲ್ಲ ಜೋಡಣೆಯೂ ಮುಗಿದ ಮೇಲೆ, ಕಟ್ಟಕಡೆಗೆ, ಮುಖ್ಯ ಫ್ಯೂಸ್ ಹಾಕಬೇಕು. ಆಂಪ್ಲಿಫೈಯರಿನ ಟರ್ಮಿನಲ್‌ನಲ್ಲಿ ಅಳೆದ ವೋಲ್ಟೇಜ್ ಬ್ಯಾಟರಿಯಲ್ಲಿರುವುದಕ್ಕಿಂತ, ಜೋರು ಹಾಡು ನಡೆಯುವಾಗಲೂ, ಅರ್ಧ ವೋಲ್ಟ್‌ಗಿಂತ ಹೆಚ್ಚು ಇಳಿಯಬಾರದು.

## ಹಂತ 7: ಸಬ್‌ವೂಫರ್

ಹೊಸಬರಿಗೆ ಮುಚ್ಚಿದ ಪೆಟ್ಟಿಗೆಯೇ ಸೂಕ್ತ. ಅಳತೆ ಸ್ವಲ್ಪ ತಪ್ಪಿದರೂ ಅದು ಕ್ಷಮಿಸುತ್ತದೆ. ಪೋರ್ಟ್ (ಗಾಳಿಯಾಡುವ ತೂತು) ಇರುವ ಪೆಟ್ಟಿಗೆ ಜೋರು, ಆದರೆ ಅದರ ಶ್ರುತಿಗಿಂತ ಕೆಳಗಿನ ಕಂಪನಾಂಕಗಳಲ್ಲಿ ಕೋನಿಗೆ ಗಾಳಿಯ ಹಿಡಿತ ತಪ್ಪುವುದರಿಂದ ಅವನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಕಡ್ಡಾಯ. ಡಿಕ್ಕಿಯ ಜಾಗ ಬಿಟ್ಟುಕೊಡಲಾಗದವರು ಸೀಟಿನ ಕೆಳಗೆ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ ಸಬ್‌ವೂಫರ್ ನೋಡಬಹುದು.

ಡ್ಯುಯಲ್ ವಾಯ್ಸ್ ಕಾಯಿಲ್ (ಕೋನನ್ನು ಅದುರಿಸುವ ಎರಡು ತಂತಿ ಸುರುಳಿಗಳು) ಇರುವ ಸಬ್‌ವೂಫರಿನಲ್ಲಿ ಲೆಕ್ಕ ತಪ್ಪುವುದು ಸಾಮಾನ್ಯ. ತಲಾ 4 ಓಮ್‌ನ ಎರಡು ಕಾಯಿಲ್‌ಗಳನ್ನು ಪ್ಯಾರಲಲ್ (ಸಮಾಂತರ) ಜೋಡಿಸಿದರೆ 2 ಓಮ್, ಸೀರೀಸ್ (ಸರಣಿ) ಆದರೆ 8 ಓಮ್; ತಲಾ 2 ಓಮ್‌ನವಾದರೆ ಕ್ರಮವಾಗಿ 1 ಮತ್ತು 4. ಬ್ರಿಡ್ಜ್ ಮಾಡಿದ (ಎರಡು ಚಾನೆಲ್‌ಗಳನ್ನು ಒಂದಾಗಿಸಿದ) ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು 4 ಓಮ್‌ಗಿಂತ ಕೆಳಗೆ ತಾಳುವುದಿಲ್ಲ, ಆದ್ದರಿಂದ ಕೈಪಿಡಿ ನೋಡಿಯೇ ಕೊಳ್ಳಬೇಕು. ಪೆಟ್ಟಿಗೆಯನ್ನು ಪಟ್ಟಿ ಅಥವಾ ಕೊಂಡಿಯಿಂದ ಬಾಡಿಗೆ ಬಿಗಿಯುವುದು ಅಲಂಕಾರಕ್ಕಲ್ಲ: ಜೋರಾಗಿ ಬ್ರೇಕ್ ಹಾಕಿದಾಗ ಸಡಿಲವಾದ ಪೆಟ್ಟಿಗೆ ಹಿಂದಿನ ಸೀಟಿನವರ ಬೆನ್ನಿಗೆ ಬಂದು ಬಡಿಯುತ್ತದೆ.

## ಹಂತ 8: ಗೇನ್, ಕ್ರಾಸೋವರ್, ವಿಳಂಬ

ಗೇನ್ ವಾಲ್ಯೂಮ್ ಅಲ್ಲ. ಹೆಡ್ ಯೂನಿಟ್ ಕೊಡುವ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು ಅದು. ಅದನ್ನು ಪೂರ್ತಿ ತಿರುಗಿಸಿದರೆ ಶಕ್ತಿ ಹೆಚ್ಚುವುದಿಲ್ಲ. ಗರಿಷ್ಠ ಬೇಗನೆ ಬರುತ್ತದೆ, ಅದರಾಚೆಗೆ ಧ್ವನಿಯ ಅಲೆ ಕತ್ತರಿಸಿಹೋಗಿ ಕಾಯಿಲ್ ಕಾಯುತ್ತದೆ. ಹೊಸ ಸಬ್‌ವೂಫರ್‌ಗಳು ವಾರದೊಳಗೆ ಸುಟ್ಟುಹೋಗುವುದು ಹೆಚ್ಚಾಗಿ ಹೀಗೆ.

ಸ್ಪೀಕರ್ ವೈರುಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಈಕ್ವಲೈಜರ್, ಬೇಸ್ ಬೂಸ್ಟ್ ಮತ್ತು ಫಿಲ್ಟರುಗಳನ್ನು ಆಫ್ ಮಾಡಿ, ಗೇನನ್ನು ಕನಿಷ್ಠಕ್ಕೆ ಇಳಿಸಿ, ಹೆಡ್ ಯೂನಿಟ್‌ನ ವಾಲ್ಯೂಮನ್ನು ಮುಕ್ಕಾಲಿಗೆ ಇಡಬೇಕು. ನಂತರ 50 ಹರ್ಟ್ಜ್‌ನ, 0 ಡೆಸಿಬೆಲ್ ಮಟ್ಟದ ಸೈನ್ ಟೋನ್ (ಒಂದೇ ಸಮನೆಯ ಪರೀಕ್ಷಾ ಸ್ವರ) ನುಡಿಸಿ, ಮಲ್ಟಿಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟೇಜಿಗೆ ಇಟ್ಟು ಔಟ್‌ಪುಟ್ ಅಳೆಯುತ್ತ ಗೇನ್ ಏರಿಸಬೇಕು. 50 ಹರ್ಟ್ಜ್ ಏಕೆಂದರೆ ಅಗ್ಗದ ಮಲ್ಟಿಮೀಟರುಗಳು ಹೆಚ್ಚಿನ ಕಂಪನಾಂಕಗಳಲ್ಲಿ ಸರಿಯಾಗಿ ಅಳೆಯುವುದಿಲ್ಲ. ತಲುಪಬೇಕಾದ ವೋಲ್ಟೇಜ್, ವ್ಯಾಟ್ ಮತ್ತು ಓಮ್‌ಗಳ ಗುಣಲಬ್ಧದ ವರ್ಗಮೂಲ: 60 ವ್ಯಾಟ್, 4 ಓಮ್ ಆದರೆ 15.5 ವೋಲ್ಟ್, 250 ವ್ಯಾಟ್, 4 ಓಮ್ ಆದರೆ 31.6 ವೋಲ್ಟ್. ವ್ಯಾಟ್ ಸಂಖ್ಯೆಯಾಗಿ ಆಂಪ್ಲಿಫೈಯರ್ ಮತ್ತು ಸ್ಪೀಕರುಗಳ ಆರ್‌ಎಂಎಸ್‌ಗಳಲ್ಲಿ ಕಡಿಮೆಯಿರುವುದನ್ನೇ ತೆಗೆದುಕೊಳ್ಳಬೇಕು. ಇನ್ನು ಮುಂದೆ ವಾಲ್ಯೂಮ್ ಆ ಮುಕ್ಕಾಲನ್ನು ದಾಟಬಾರದು.

ಬಾಗಿಲ ಸ್ಪೀಕರುಗಳಿಗೆ ಎತ್ತರದ ಸ್ವರಗಳನ್ನಷ್ಟೇ ಬಿಡುವ ಹೈ ಪಾಸ್ ಫಿಲ್ಟರ್, ಸಬ್‌ವೂಫರಿಗೆ ತಗ್ಗಿನವನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರ್, ಎರಡನ್ನೂ 80 ಹರ್ಟ್ಜ್‌ನಿಂದ ಆರಂಭಿಸಿ ಕಿವಿಗೆ ಹಿತವಾಗುವವರೆಗೆ ಸ್ವಲ್ಪ ಅತ್ತಿತ್ತ ಮಾಡಬಹುದು. ಬೇಸ್ ಡಿಕ್ಕಿಯಿಂದ ಬಂದಂತೆ ಕೇಳಿದರೆ ಲೋ ಪಾಸನ್ನು ಇಳಿಸಬೇಕು. ಸಬ್‌ವೂಫರಿನ ಫೇಸ್ ಸ್ವಿಚ್ಚನ್ನು 0 ಮತ್ತು 180 ಡಿಗ್ರಿಗಳ ನಡುವೆ ಬದಲಿಸಿ, ಚಾಲಕನ ಜಾಗದಲ್ಲಿ ಬೇಸ್ ತುಂಬಿ ಕೇಳುವ ಕಡೆ ಬಿಡಬೇಕು.

ಹೆಡ್ ಯೂನಿಟ್‌ನಲ್ಲಿ ಟೈಮ್ ಅಲೈನ್‌ಮೆಂಟ್ (ಎಲ್ಲ ಸ್ಪೀಕರುಗಳ ಸದ್ದೂ ಒಟ್ಟಿಗೆ ಕಿವಿ ತಲುಪುವಂತೆ ಮಾಡುವ ಸೌಲಭ್ಯ) ಇದ್ದರೆ ಅಳತೆ ಟೇಪಿನಿಂದ ಪ್ರತಿ ಸ್ಪೀಕರಿಗೂ ತಲೆಗೂ ಇರುವ ದೂರ ಅಳೆಯಬೇಕು. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಮೀ ಸಾಗುತ್ತದೆ. ಹತ್ತಿರದ ಸ್ಪೀಕರ್ 80 ಸೆಂಮೀ, ದೂರದ್ದು 148 ಸೆಂಮೀ ಇದ್ದರೆ ಹತ್ತಿರದ್ದನ್ನು 2 ಮಿಲಿಸೆಕೆಂಡ್ ತಡಮಾಡಿದಾಗ ದನಿ ಡ್ಯಾಶ್‌ಬೋರ್ಡಿನ ನಡುವಿಗೆ ಬಂದು ನಿಲ್ಲುತ್ತದೆ.

## ಹಂತ 9: ಎಚ್ಚರಿಕೆಯ ಚಿಹ್ನೆಗಳು

ಎಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳೆಗೆ ಮೊದಲ ಶಂಕಿತ ಅರ್ಥ್, ಎರಡನೆಯದು ಪವರ್ ಕೇಬಲ್ ಪಕ್ಕದಲ್ಲೇ ಹಾದ ಆರ್‌ಸಿಎ. ಆಂಪ್ಲಿಫೈಯರಿನ ಬದಿಯಲ್ಲಿ ಆರ್‌ಸಿಎಗಳನ್ನು ಕಿತ್ತಾಗ ಸಿಳ್ಳೆ ನಿಂತರೆ ದೋಷ ಅದಕ್ಕಿಂತ ಮುಂಚಿನ ಭಾಗದಲ್ಲಿದೆ, ನಿಲ್ಲದಿದ್ದರೆ ಆಂಪ್ಲಿಫೈಯರಿನ ವಿದ್ಯುತ್ ಜೋಡಣೆಯಲ್ಲಿದೆ. ನಾಯ್ಸ್ ಫಿಲ್ಟರ್ ಕೊಳ್ಳುವುದು ಇವೆರಡನ್ನೂ ಸರಿಪಡಿಸಿ ನೋಡಿದ ಮೇಲಿನ ಮಾತು.

ಬೇಸಿನ ಪ್ರತಿ ಏಟಿಗೂ ಹೆಡ್‌ಲೈಟ್ ಮಂಕಾದರೆ ಬ್ಯಾಟರಿ, ಟರ್ಮಿನಲ್ ಮತ್ತು ಅರ್ಥ್ ಪರೀಕ್ಷಿಸಬೇಕು. ಆಂಪ್ಲಿಫೈಯರ್ ಅರ್ಧ ಗಂಟೆ ಹಾಡಿ ತಾನೇ ನಿಂತು, ತಣ್ಣಗಾದ ಮೇಲೆ ಮತ್ತೆ ಹಾಡಿದರೆ ಗಾಳಿ ಸಾಲದು ಅಥವಾ ಓಮ್ ಕಡಿಮೆಯಾಗಿದೆ. ಸುಟ್ಟ ವಾರ್ನಿಷಿನಂಥ ವಾಸನೆ ಬಂದರೆ ಕಾಯಿಲ್ ಕಾದಿದೆ, ತಕ್ಷಣ ನಿಲ್ಲಿಸಬೇಕು.

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿಯುತ್ತಿದ್ದರೆ, ರಿಮೋಟ್ ವೈರನ್ನು ಸದಾ ವಿದ್ಯುತ್ ಇರುವ ಕಡೆ ಜೋಡಿಸಿರುವ ಸಾಧ್ಯತೆ ಹೆಚ್ಚು. ಕಾರಿಗೆ ಬೀಗ ಹಾಕಿ, ಅದರ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆಯಾದರೂ ಬಿಟ್ಟು, ನೆಗೆಟಿವ್ ಕೇಬಲ್‌ಗೆ ಸರಣಿಯಾಗಿ 10 ಆಂಪಿಯರ್ ವ್ಯಾಪ್ತಿಯಲ್ಲಿಟ್ಟ ಮಲ್ಟಿಮೀಟರ್ ಜೋಡಿಸಿ ನೋಡಿದಾಗ ಸುಮಾರು 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. ಮೀಟರ್ ಹೀಗೆ ಜೋಡಿಸಿರುವಾಗ ಎಂಜಿನ್ ಸ್ಟಾರ್ಟ್ ಮಾಡಬಾರದು.

ಕೆಲವು ವಾರ ಓಡಿಸಿದ ಮೇಲೆ ಅರ್ಥ್ ಬೋಲ್ಟ್, ಬ್ಯಾಟರಿ ಟರ್ಮಿನಲ್ ಮತ್ತು ಆಂಪ್ಲಿಫೈಯರಿನ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಯಬೇಕು, ತಾಮ್ರದ ಎಳೆಗಳು ಕುಳಿತು ಸಡಿಲವಾಗಿರುತ್ತವೆ. ಜೋರಾಗಿ ಹಾಡಿಸಿದ ಬಳಿಕ ಫ್ಯೂಸ್ ಹೋಲ್ಡರನ್ನು ಮುಟ್ಟಿ ನೋಡಬೇಕು; ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಒಳಗಿನ ಜೋಡಣೆ ಸಡಿಲವಿದೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡ ಅಳತೆಯದನ್ನು ಹಾಕಬಾರದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೇಬಲ್ ಹಾದುಹೋದ ದಾರಿಯನ್ನು ಗ್ರೊಮೆಟ್ಟಿನಿಂದ ಡಿಕ್ಕಿಯವರೆಗೆ ಕೈಯಾಡಿಸುತ್ತ ನೋಡಿ, ಇನ್ಸುಲೇಷನ್ ಎಲ್ಲಿ ಕಿತ್ತಿದೆ ಎಂಬುದನ್ನು ಪತ್ತೆಹಚ್ಚುವವರೆಗೆ ಹೊಸ ಫ್ಯೂಸ್ ಹಾಕಬಾರದು.